ಇಟ್ಟಿಗೆ ಪುಡಿಯಲ್ಲಿ ತಿಕ್ಕಿದ ನಲ್ಲಿ

ಮಗಳ ಸೀಮಂತದ ದಿನ ಕೈ ತೊಳೆಯಲು ನಮ್ಮ ಬಚ್ಚಲಿಗೆ ಹೋದ ಬೀಗಿತ್ತಿ ಸುನಂದ ಮೂಗು ಮುರಿಯುತ್ತಲೇ ಹೊರಗೆ ಬಂದರು. ಷವರಿನ ತೂತುಗಳು ಮುಚ್ಚಿಹೋಗಿದ್ದವು, ನಲ್ಲಿಗಳ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಉಪ್ಪು ಕಟ್ಟಿತ್ತು, ನಿಜ. ಟೇಕಲ್‌ನ ಬೋರ್‌ವೆಲ್ ನೀರೇ ಹಾಗೆ. ಅದಕ್ಕೆ ಅಷ್ಟು ಜನರ ಮುಂದೆ ಹೇಳಬೇಕಿತ್ತೇ?

"ಇಂಥ ಬಚ್ಚಲಲ್ಲಿ ಬಾಣಂತಿ, ಮಗು ನೀರು ಹಾಕ್ಕೋಬೇಕಾ? ಬಾಣಂತನ ನಮ್ ಕೋಲಾರದ ಮನೇಲೇ ಆಗ್ಲಿ ಬಿಡಿ."

ನನ್ನ ಮೈಯೆಲ್ಲ ಉರಿದುಹೋಯಿತು. ನನಗಿರುವವಳು ಮೌನಿಕಾ ಒಬ್ಬಳೇ. ಅವಳ ಚೊಚ್ಚಲ ಬಾಣಂತನ ತವರಲ್ಲಿ ಆಗದೆ ಇನ್ನೆಲ್ಲಿ ಆಗಬೇಕು?

"ಬರೋ ಭಾನುವಾರ ಬಂದು ನೋಡಿ ಬೀಗ್ರೇ, ಆಮೇಲೆ ಮಾತಾಡೋಣ," ಎಂದೆ. ನನ್ನ ಕೈಯಲ್ಲಿ ಆಗದ ಕೆಲಸ ಯಾವುದಿದೆ?

ಪಕ್ಕದ ಮನೆಯ ಆಂಜಿನಮ್ಮ ಆಸಿಡ್ ಬಾಟಲಿ ಹಿಡಿದು ಬಂದಳು. ವಾಪಸ್ ಕಳಿಸಿದೆ. ಆಸಿಡ್ ಉಪ್ಪಿನ ಜೊತೆಗೆ ನಲ್ಲಿಯ ಹೊಳಪನ್ನೂ ತಿಂದುಹಾಕುತ್ತದೆ, ಅದರ ಘಾಟು ಬೇರೆ. ಮನೆಯಲ್ಲಿ ಹೊಸ ಹುಣಸೆಹಣ್ಣು ಇತ್ತು. ಗಟ್ಟಿಯಾಗಿ ಕಿವುಚಿ, ನಿಂಬೆರಸ ಬೆರೆಸಿ, ಹಳೆಯ ಪಂಚೆ ಹರಿದು ಅದರಲ್ಲಿ ನೆನೆಸಿ, ಪೆಟ್ಟಾದ ಕೈಗೆ ಪಟ್ಟಿ ಕಟ್ಟುವ ಹಾಗೆ ಒಂದೊಂದು ನಲ್ಲಿಗೂ ಸುತ್ತಿದೆ. ಷವರಿಗೆ ಅದೇ ರಸ ತುಂಬಿದ ಪ್ಲಾಸ್ಟಿಕ್ ಕವರು ಕಟ್ಟಿದೆ. ನೆನೆಯಲು ಬಿಟ್ಟು, ರೇಷ್ಮೆ ಹುಳಕ್ಕೆ ಸೊಪ್ಪು ತರಲು ತೋಟಕ್ಕೆ ಹೊರಟೆ.

"ಪಟ್ಟಿ ಯಾವ್ದೂ ಬಿಚ್ಬೇಡಿ," ಎಂದು ಯಜಮಾನರಾದ ಮುನಿರಾಮಪ್ಪನವರಿಗೆ ಹೇಳಿಯೇ ಹೋಗಿದ್ದೆ. ಆದರೆ ಅವರಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲೇ ಅವರ ಆಯುಸ್ಸು ಸವೆದಿದೆ. ಮಗಳಿಗಾಗಿ ತಾವೂ ಏನಾದರೂ ಮಾಡಬೇಕು ಎಂದು ಬೇಸಿನ್ನಿನ ನಲ್ಲಿಯ ಪಟ್ಟಿ ಬಿಚ್ಚಿ, ಹಿತ್ತಾಳೆ ಹಂಡೆ ತಿಕ್ಕುವಂತೆ ಇಟ್ಟಿಗೆ ಪುಡಿ, ತೆಂಗಿನ ನಾರು ಹಾಕಿ ತಿಕ್ಕಿಬಿಟ್ಟಿದ್ದರು.

"ನೋಡೇ, ಉಪ್ಪು ಒಂದ್ ಚೂರೂ ಇಲ್ಲ," ಎಂದರು ಖುಷಿಯಿಂದ.

ಉಪ್ಪು ಇರಲಿಲ್ಲ, ಹೊಳಪೂ ಇರಲಿಲ್ಲ. ನಲ್ಲಿಯ ಮೈತುಂಬ ಗೀರು.

"ಅಯ್ಯೋ, ಇದೇನ್ ಹಿತ್ತಾಳೆ ಹಂಡೇನೇನ್ರೀ? ಬೀಗಿತ್ತಿ ಮೊದ್ಲು ಕೈಯಿಡೋದೇ ಈ ನಲ್ಲಿಗೆ!" ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವರು ಇಟ್ಟಿಗೆ ಪುಡಿ ಮೆತ್ತಿದ ಕೈಗಳನ್ನು ನೋಡಿಕೊಳ್ಳುತ್ತಾ ನಿಂತರು. ಅಯ್ಯೋ ಪಾಪ ಅನ್ನಿಸಿತು, ಆದರೂ ಬೈಗುಳ ನಿಲ್ಲಿಸಲಿಲ್ಲ.

ಉಳಿದ ಪಟ್ಟಿಗಳನ್ನು ಬಿಚ್ಚಿ, ಹಳೆಯ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ತೊಳೆದು, ಒಣಬಟ್ಟೆಯಲ್ಲಿ ಒರೆಸಿದೆ. ಆ ನಲ್ಲಿಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಷವರು ಮಳೆ ಹಾಗೆ ಸುರಿಯಿತು. ಗೀರು ಬಿದ್ದ ನಲ್ಲಿಯ ಮೇಲೆ ಮಾತ್ರ ಹೊಸ ಟವೆಲ್ ಇಳಿಬಿಟ್ಟೆ.

ಭಾನುವಾರ ಸುನಂದ ಬಂದವರೇ ನೆಟ್ಟಗೆ ಬಚ್ಚಲಿಗೆ ನಡೆದರು. ಮೂಲೆಮೂಲೆ ನೋಡಿದರು, ಷವರು ತಿರುಗಿಸಿದರು, ಏನೂ ಸಿಗಲಿಲ್ಲ. ನಾನು ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದೆ. ಕೊನೆಗೆ ಕೈ ಒರೆಸಿಕೊಳ್ಳಲು ಆ ಟವೆಲ್ಲನ್ನೇ ಎಳೆದರು.

"ಇದೇನಿದು?"

ನನ್ನ ಹಿಂದೆ ನಿಂತಿದ್ದ ಯಜಮಾನರು ತಲೆ ತಗ್ಗಿಸಿದರು. ಅದನ್ನು ಕಂಡು ನನಗೆ ರೇಗಿತು. ನನ್ನ ಗಂಡನನ್ನು ನಾನು ಬೈಯಬಹುದು, ಬೇರೆಯವರ ಮುಂದೆ ಅವರು ತಲೆ ತಗ್ಗಿಸುವುದು ಬೇಕಿಲ್ಲ.

"ಮಿಕ್ಕಿದ್ದೆಲ್ಲ ನಾನು ಹುಣಸೆಹಣ್ಣಲ್ಲಿ ತೊಳ್ದಿದ್ದು, ಇದು ನಮ್ಮೋರು ಇಟ್ಟಿಗೆ ಪುಡೀಲಿ ತಿಕ್ಕಿದ್ದು. ಮಗಳು ಬಾಣಂತನಕ್ಕೆ ಬರ್ತಾಳೆ ಅಂತ," ಎಂದೆ, ಗಟ್ಟಿಯಾಗಿಯೇ.

ಸುನಂದ ಆ ಗೀರುಗಳ ಮೇಲೆ ಬೆರಳಾಡಿಸಿದರು. ಅವರ ತವರು ಮುಳಬಾಗಿಲು ಕಡೆಯ ಹಳ್ಳಿ.

"ನಮ್ ನಾಯ್ನಾನೂ ಹಿಂಗೇ," ಎಂದರು. ಅಪ್ಪನನ್ನು ಅವರ ಕಡೆ ಕರೆಯುವುದೇ ಹಾಗೆ. "ನನ್ ಬಾಣಂತನಕ್ಕೆ ಹಂಡೆ ತಿಕ್ಕೋಕೆ ಅಮ್ಮನ್ನ ಬಿಡ್ಲೇ ಇಲ್ಲ. ತಾವೇ ಕೂತು ಇಟ್ಟಿಗೆ ಪುಡೀಲಿ ತಿಕ್ಕಿದ್ರು."

ಅವರ ಕಣ್ಣು ತುಂಬಿತ್ತು. ಟವೆಲ್ಲಿನ ತುದಿಯಲ್ಲೇ ಒರೆಸಿಕೊಂಡರು.

"ಮೌನಿಕಾನ ಇಲ್ಲಿಗೇ ಕಳಿಸ್ತೀನಿ ಬೀಗ್ರೇ. ಆ ಹುಣಸೆಹಣ್ಣಿಂದು ಹೆಂಗೆ, ನಂಗೂ ಹೇಳ್ಕೊಡಿ. ನಮ್ಮನೆ ನಲ್ಲಿಗಳೂ ಇದೇ ಕಥೆ."

ಮಾರನೆಯ ಬೆಳಿಗ್ಗೆ ಯಜಮಾನರು ಹೊಸ ನಲ್ಲಿ ತರುತ್ತೇನೆಂದು ಮಾಲೂರಿಗೆ ಹೊರಟರು. ಚೀಲ ಕಿತ್ತಿಟ್ಟುಕೊಂಡೆ.

"ಆ ನಲ್ಲಿ ಮುಟ್ಟಿದ್ರೆ ನೋಡಿ ಮತ್ತೆ! ಮಗೂಗೆ ಮೊದಲ್ನೇ ನೀರು ನಾನು ಅದ್ರಲ್ಲೇ ಹಿಡಿಯೋದು."