ದೋಷ ಕಂಡುಬಂದಿಲ್ಲ

ಆ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಕಾರು ಯಾವ ದೂರು ಹೊತ್ತು ಬಂದರೂ ಅದನ್ನು ಕೊನೆಗೆ ರಸ್ತೆಗಿಳಿಸಿ, ಓಡಿಸಿ ನೋಡಿ ತೀರ್ಪು ಕೊಡುವವನು ಮೇಸ್ತ್ರಿ ಒಬ್ಬನೇ. ಆರು ಜನ ಮೆಕ್ಯಾನಿಕ್‌ಗಳಿದ್ದರು, ಕಾರಿಗೆ ವೈರು ಸಿಕ್ಕಿಸಿ ನೋಡುವ ಕಂಪ್ಯೂಟರ್ ಇತ್ತು. ಆದರೆ ಕಂಪ್ಯೂಟರ್ ಹೇಳಿದ್ದನ್ನೂ ಮೇಸ್ತ್ರಿ ಒಪ್ಪಬೇಕಿತ್ತು. ಬಾನೆಟ್ ಮುಚ್ಚಿರುವಾಗಲೇ ಸದ್ದು ಕೇಳಿ ಯಾವ ಬೇರಿಂಗ್ ಹೋಗಿದೆಯೆಂದು ಹೇಳುವ ಮನುಷ್ಯ. ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಲೋಕದ ಸದ್ದೆಲ್ಲ ಕೇಳುವ ಆ ಕಿವಿಗೆ ಈ ಹೆಸರೊಂದು ಮಾತ್ರ ಇನ್ನೂ ಬಿದ್ದಿರಲಿಲ್ಲ.

ಒಂದು ವರ್ಷದಿಂದ ಒಂದೇ ಮಾದರಿಯ ಚಿಕ್ಕ ಕಾರಿನ ಮೇಲೆ ಒಂದೇ ರಾಗದ ದೂರುಗಳು ಬರುತ್ತಿದ್ದವು. ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನಾಗಿಯೇ ಬದಲಾಗುವ ಕಾರು ಅದು. ಆಕ್ಸಿಲರೇಟರ್ ಒತ್ತಿದರೆ ಮೊದಲು ಎಳೆಯುವುದೇ ಇಲ್ಲ, ಆಮೇಲೆ ಏಕಾಏಕಿ ನೆಗೆಯುತ್ತದೆ ಎಂದು ಕೆಲವರು. ಗೇರ್ ಬೀಳುವಾಗ ಬೆನ್ನಿಗೆ ಗುದ್ದಿದ ಹಾಗಾಗುತ್ತದೆ ಎಂದು ಕೆಲವರು. ನಿಧಾನ ಮಾಡಿ ಮತ್ತೆ ಹೊರಡುವಷ್ಟರಲ್ಲಿ ಇಂಜಿನ್ನೇ ಆಫ್ ಆಗುತ್ತದೆ ಎಂದು ಇನ್ನು ಕೆಲವರು. ಮೇಸ್ತ್ರಿ ಒಂದೊಂದನ್ನೂ ಓಡಿಸಿದ. ಅವನ ಕೈಯಲ್ಲಿ ಆ ಕಾರುಗಳು ಹಾಲು ಕುಡಿದ ಮಗುವಿನಂತೆ ತೆಪ್ಪಗಿದ್ದವು. ದೂರು ಬರೆದಿಡುವ ಜಾಬ್ ಕಾರ್ಡಿನ ಕೆಳಗೆ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದ. ಬಾಯಲ್ಲಿ ಮಾತ್ರ ಇನ್ನೊಂದು ಮಾತು ಸೇರಿಸುತ್ತಿದ್ದ: “ಕಾರಿಂದೇನೂ ಇಲ್ಲ, ಸ್ವಲ್ಪ ಕೈ ಪಳಗಬೇಕು ಅಷ್ಟೆ.” ಅದು ಅವನು ಪುಕ್ಕಟೆಯಾಗಿ ಕೊಡುತ್ತಿದ್ದ ಸಲಹೆ. ಪುಕ್ಕಟೆ ಸಿಕ್ಕಿದ್ದನ್ನು ಜನ ಹೊತ್ತುಕೊಂಡೇ ಹೋಗುತ್ತಾರೆ.

ಆ ದಿನ ಹನ್ನೊಂದು ಗಂಟೆಗೆ ಅಂಥದ್ದೇ ಕಾರಿನಲ್ಲಿ ಬಂದಿಳಿದವಳು ಮೇಸ್ತ್ರಿಯ ಒಡಹುಟ್ಟಿದ ತಂಗಿ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವ ನರ್ಸು ಅವಳು. ಅಣ್ಣ ಹೇಳಿದನೆಂದೇ ಈ ಕಾರು ಕೊಂಡಿದ್ದಳು. ಎರಡು ಸಲ ದೂರು ತಂದು, ಎರಡು ಸಲವೂ ಅಣ್ಣನ ಸಹಿ ಪಡೆದು ಹೋಗಿದ್ದಳು. ಹಿಂದಿನ ವಾರ ನಾಲ್ಕು ರಸ್ತೆ ಕೂಡುವಲ್ಲಿ ನಟ್ಟನಡುವೆ ಕಾರು ನಿಂತುಬಿಟ್ಟಿತ್ತು. ಹಿಂದಿದ್ದ ನೀರಿನ ಟ್ಯಾಂಕರ್ ಬ್ರೇಕ್ ಹಾಕಿದರೂ ಬಂದು ತಾಗಿ ಬಂಪರ್ ಒಳಗೆ ಹೋಗಿತ್ತು.

ಅವಳು ಕೈಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು.

“ನಮ್ಮಾಫೀಸಿಂದು. ತಪ್ಪು ಗಾಡೀದಾ, ಓಡಿಸಿದೋಳದಾ ಅಂತ ವರ್ಕ್‌ಶಾಪಿಂದ ಬರೆಸ್ಕೊಂಡು ಬಾ ಅಂದಿದಾರೆ. ಇವತ್ತು ಐದು ಗಂಟೆಯೊಳಗೆ ಕೊಡ್ಬೇಕು. ಓಡಿಸಿದೋಳದು ಅಂತ ಬಂದ್ರೆ ನಾಳೆಯಿಂದ ನಂಗೆ ಸ್ಟೋರ್‌ರೂಮು. ಔಷಧಿ ಡಬ್ಬಿ ಜೋಡಿಸ್ಕೊಂಡು ಕೂತಿರ್ಬೇಕು.”

“ಒಂದು ಗಾಡಿಗೋಸ್ಕರ ಇಷ್ಟು ಅಳ್ತೀಯಾ, ಕೂತ್ಕೋ ಮೊದ್ಲು,” ಎಂದ ಮೇಸ್ತ್ರಿ.

“ನಾನು ಅಳ್ತಿಲ್ಲ. ಹದಿನಾಲ್ಕು ಮನೆ ಇದೆ ನಂಗೆ. ಒಬ್ಬಾಕೆ ಕಾಲಿನ ಗಾಯನ ನನ್ನ ಬಿಟ್ಟು ಯಾರಿಗೂ ಮುಟ್ಟಕ್ಕೆ ಬಿಡಲ್ಲ. ಅವರನ್ನೆಲ್ಲ ಬಿಟ್ಟು ಡಬ್ಬಿ ಜೋಡಿಸ್ಲಾ?”

ಮೇಸ್ತ್ರಿ ಕೀ ತೆಗೆದುಕೊಂಡು ಒಬ್ಬನೇ ಹೊರಟ. ಮಾರ್ಕೆಟ್ ರಸ್ತೆ, ಮೂರು ಸಿಗ್ನಲ್ಲು, ಸೇತುವೆಯ ಏರು. ಸುತ್ತಿ ಬಂದು ಕೀ ಮೇಜಿನ ಮೇಲಿಟ್ಟಾಗ ಅವನ ಮುಖ ನೋಡಿಯೇ ತಂಗಿಗೆ ಉತ್ತರ ಗೊತ್ತಾಯಿತು.

“ಬೆಣ್ಣೆ ಥರ ಓಡ್ತಿದೆಯಲ್ಲೇ. ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋರಿಗೆ ಗಾದೆ ಬೇರೆ ಕೇಡು! ಇನ್ನೊಂದು ಸುತ್ತು ಹೋಗು. ನಾನೂ ಬರ್ತೀನಿ.”

ದೂರು ಕೊಟ್ಟವರನ್ನು ಟ್ರಯಲ್‌ಗೆ ಕೂರಿಸಿಕೊಳ್ಳುವ ರೂಢಿ ಅಲ್ಲಿರಲಿಲ್ಲ. ಪಕ್ಕದಲ್ಲಿ ಕೂತು ಮಾತಾಡಿದರೆ ಇಂಜಿನ್ನಿನ ಮಾತು ಕೇಳಿಸುವುದಿಲ್ಲ ಎಂಬುದು ಮೇಸ್ತ್ರಿಯ ವಾದ. ಆದರೆ ತಂಗಿ ಆಗಲೇ ಬೆಲ್ಟ್ ಹಾಕಿಕೊಂಡು ಕೂತಾಗಿತ್ತು. ದಾರಿಯುದ್ದಕ್ಕೂ ತುಟಿ ಪಿಟಕ್ಕೆನ್ನಲಿಲ್ಲ. ರಸ್ತೆಯನ್ನೂ ನೋಡಲಿಲ್ಲ, ಅಣ್ಣನ ಬಲಗಾಲನ್ನೇ ನೋಡುತ್ತಿದ್ದಳು. ಬಾಯಿಬಿಟ್ಟು ಹೇಳಲಾರದ ರೋಗಿಗಳ ನೋವನ್ನು ಅವರ ಕೈಕಾಲು ನೋಡಿಯೇ ತಿಳಿಯುವ ಕಸುಬು ಅವಳದು.

ಮೂರನೆಯ ಸಿಗ್ನಲ್ ದಾಟಿದ ಮೇಲೆ ಹೇಳಿದಳು: “ಅಣ್ಣ, ನೀನು ಬ್ರೇಕ್ ಬಿಟ್ಟ ತಕ್ಷಣ ಆಕ್ಸಿಲರೇಟರ್ ಒತ್ತಲ್ಲ.”

“ಮತ್ತೇನು ಪೂಜೆ ಮಾಡ್ತೀನಾ?”

“ಕಾಲು ಪೆಡಲ್ ಮೇಲೆ ಬರುತ್ತೆ, ಸುಮ್ನೆ ಕಾಯುತ್ತೆ. ಗೇರ್ ಕೂತ್ಮೇಲೆ ಒತ್ತುತ್ತೆ. ಪ್ರತಿ ಸಲಾನೂ. ಮೂರು ಸಿಗ್ನಲ್ಲಲ್ಲೂ ನೋಡ್ದೆ.”

“ಹುಚ್ಚು ಹುಚ್ಚಾಗಿ ಮಾತಾಡ್ಬೇಡ,” ಎಂದ ಮೇಸ್ತ್ರಿ. ಮುಂದೆ ಒಂದು ಬಸ್ಸು ನಿಂತಿತು. ಅದು ಹೊರಟಾಗ ಇವನೂ ಹೊರಟ. ಈ ಸಲ ತನ್ನ ಕಾಲಿನ ಮೇಲೆ ತಾನೇ ಕಣ್ಣಿಟ್ಟ. ಕಾಲು ಕಾದಿತು. ಅವನು ಹೇಳದೆ, ಅವನನ್ನು ಕೇಳದೆ ಕಾದಿತು.

ಹುಡುಗನಾಗಿದ್ದಾಗ ಅವನು ಓಡಿಸುತ್ತಿದ್ದುದು ಮುದಿ ಲಾರಿ. ಅದರ ಗೇರನ್ನು ರಮಿಸಬೇಕು, ಕಾಯಬೇಕು, ಕೂತಿತೆಂದು ಪಾದಕ್ಕೆ ಗೊತ್ತಾದ ಮೇಲೆ ಒತ್ತಬೇಕು. ಅವಸರ ಮಾಡಿದರೆ ಬೈಗುಳ. ಲಾರಿ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು, ಪಾಠ ಕಾಲಲ್ಲೇ ಉಳಿದಿತ್ತು. ಆದರೂ ಮೇಸ್ತ್ರಿಗೆ ಇದನ್ನು ಒಪ್ಪಲು ಮನಸ್ಸಾಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೆಯ ಕಾಲು ತೋರಿಸಿದರೆ ಮೊಲದ ಮೇಲೇ ಸಿಟ್ಟು ಬರುತ್ತದೆ.

ಕಾರನ್ನು ಬದಿಗೆ ನಿಲ್ಲಿಸಿ ಇಳಿದ. “ನೀನು ಓಡಿಸು. ನೋಡೇಬಿಡೋಣ.”

ಅವಳು ಕಾರು ತಿರುಗಿಸಿಕೊಂಡು ಹೋಗಿ ಅದೇ ದಾರಿಯಲ್ಲಿ ಮೊದಲಿಂದ ಓಡಿಸಿದಳು. ಎಲ್ಲರೂ ಓಡಿಸುವ ಹಾಗೆಯೇ ಓಡಿಸಿದಳು: ಬ್ರೇಕ್ ಬಿಟ್ಟಳು, ಆಕ್ಸಿಲರೇಟರ್ ಒತ್ತಿದಳು. ಅದರಲ್ಲಿ ತಪ್ಪೇನಿದೆ? ಮೊದಲ ಸಿಗ್ನಲ್ಲಿನಲ್ಲಿ ಕಾರು ಒಂದು ಗಳಿಗೆ ಅಲ್ಲಾಡದೆ ನಿಂತು ಆಮೇಲೆ ಮುಂದಕ್ಕೆ ಹಾರಿತು. ಮೇಸ್ತ್ರಿಯ ತಲೆ ಸೀಟಿಗೆ ಬಡಿಯಿತು. ಎರಡನೆಯದರಲ್ಲಿ ಸೊಂಟದ ಕೆಳಗೆ ಏನೋ ಗಕ್ಕೆಂದಿತು, ಕಬ್ಬಿಣಕ್ಕೆ ಕಬ್ಬಿಣ ಸರಿಯಾಗಿ ಕೂರದ ಸದ್ದು. ಸೇತುವೆಯ ಏರಿನಲ್ಲಿ ಮುಂದಿನ ಆಟೋ ನಿಧಾನವಾಯಿತೆಂದು ಅವಳು ನಿಧಾನ ಮಾಡಿದಳು. ಮತ್ತೆ ಒತ್ತಿದಾಗ ಇಂಜಿನ್ ಸುಮ್ಮನಾಯಿತು. ಕಾರು ಹಿಂದಕ್ಕೆ ಜಾರತೊಡಗಿತು, ಹಿಂದಿನಿಂದ ಹಾರ್ನುಗಳು ಕಿರುಚಿಕೊಂಡವು. ಮೇಸ್ತ್ರಿ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದ. ಅವನು ಹೆದರಿದ್ದ. ಹೆದರಿಕೆಯೆಂದರೆ ಹೆದರಿಕೆಯೇ, ಅದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ.

“ದಿನಾ ಹೀಗೇನಾ?” ಎಂದ.

“ದಿನಾ ಅಲ್ಲ. ವಾರಕ್ಕೆ ಮೂರು ನಾಲ್ಕು ಸಲ. ನಿನಗೆ ಎರಡು ಸಲ ಹೇಳಿದ್ನಲ್ಲ.”

ವಾಪಸು ಬಂದ ಮೇಲೆ ಮೇಸ್ತ್ರಿ ವರ್ಕ್‌ಶಾಪಿನ ಹಿಂದಿನ ಅಂಗಳದಲ್ಲಿ ಒಬ್ಬನೇ ಕಾರಿನಲ್ಲಿ ಕೂತು ತಂಗಿಯ ಹಾಗೆ ಓಡಿಸಲು ನೋಡಿದ. ಹತ್ತು ಸಲ ಪ್ರಯತ್ನಿಸಿದರೂ ಕಾಲು ಕೇಳಲಿಲ್ಲ, ಒಂದೇ ಒಂದು ಸಲವೂ ಕೆಟ್ಟದಾಗಿ ಓಡಿಸಲು ಬಿಡಲಿಲ್ಲ. ಮೆಕ್ಯಾನಿಕ್‌ಗಳು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು, ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ಅಂಗಳ ಸುತ್ತುತ್ತಿದ್ದ ಮೇಸ್ತ್ರಿಯನ್ನು ನೋಡಿದರು. ಯಾರೂ ನಗಲಿಲ್ಲ. ಕೊನೆಗೆ ಅವನು ಇಳಿದು, ಲೈಸೆನ್ಸ್ ಪಡೆದು ಇನ್ನೂ ವರ್ಷವಾಗದ ಬಿಲ್ಲಿಂಗ್ ಗುಮಾಸ್ತೆಯನ್ನು ಕರೆದು ಕೀ ಕೊಟ್ಟ. ಎರಡನೆಯ ಸುತ್ತಿನಲ್ಲೇ ಇಂಜಿನ್ ಆಫ್ ಆಗಿ ಕಾರು ನಿಂತುಬಿಟ್ಟಿತು. ಆಕೆ, “ಸಾರಿ ಮೇಸ್ತ್ರಿ, ನನಗೆ ಸರಿಯಾಗಿ ಬರಲ್ಲ,” ಎಂದಳು.

“ನಿನಗೆ ಬರುತ್ತಮ್ಮ,” ಎಂದ ಮೇಸ್ತ್ರಿ. ದನಿ ಒರಟಾಗಿತ್ತು.

ತಪ್ಪು ಗಾಡಿಯದೇ ಎಂದು ಮೇಸ್ತ್ರಿ ಬರೆದಿದ್ದ ಕಾಗದವನ್ನು ಮ್ಯಾನೇಜರ್ ಎರಡು ಸಲ ಓದಿದರು. ಕೆಟ್ಟವರಲ್ಲ, ಕಂಪನಿಗೆ ಹೆದರುವವರು.

“ಮೇಸ್ತ್ರಿ, ಸ್ವಂತ ತಂಗಿಗೆ ದೋಷ ಇದೆ ಅಂತ ಬರೆದುಕೊಟ್ರೆ ನೋಡೋರು ಏನಂತಾರೆ? ಇದೇ ಕಾರಿಗೆ ನೀವೇ ಎರಡು ಸಲ ಇಲ್ಲ ಅಂತ ಸಹಿ ಹಾಕಿದೀರಿ. ಉಳಿದೋರೆಲ್ಲ ನಾಳೆ ಬಾಗಿಲಿಗೆ ಬರ್ತಾರೆ.”

“ಬರ್ಲಿ ಸಾರ್. ಬರದೇ ಇದ್ರೆ ನಾನೇ ಕರೀತೀನಿ.”

“ಕಂಪನಿಯೋರಿಗೆ ನಾನೇನು ಹೇಳ್ಲಿ?”

“ಗೇರ್‌ಬಾಕ್ಸ್ ಸರಿ ಇಲ್ಲ ಅನ್ನಿ. ಮೇಸ್ತ್ರಿ ಸಹಿನೂ ಸರಿ ಇರ್ಲಿಲ್ಲ ಅನ್ನಿ.”

ಮೂವತ್ತೊಂದು ವರ್ಷ ಆ ಸಹಿಯೇ ಅವನ ಮಾನವಾಗಿತ್ತು. ಮ್ಯಾನೇಜರ್ ಡ್ರಾಯರಿನಿಂದ ಸೀಲು ತೆಗೆದುಕೊಟ್ಟರು.

ನಾಲ್ಕೂವರೆಗೆ ತಂಗಿ ಕಾಗದ ಮಡಚಿ ಚೀಲಕ್ಕಿಟ್ಟುಕೊಂಡಳು. ಕಾರು ಅಲ್ಲೇ ಉಳಿಯಬೇಕಿತ್ತು. ಗೇರ್‌ಬಾಕ್ಸ್ ಬರುವವರೆಗೆ ಓಡಾಡಲು ಅಣ್ಣ ತನ್ನ ಹಳೆಯ ಕಾರಿನ ಕೀ ಕೊಟ್ಟ. ಅವಳು ಥ್ಯಾಂಕ್ಸ್ ಹೇಳಲಿಲ್ಲ, ಬೈಯಲೂ ಇಲ್ಲ. “ಹಣೆ ಒರೆಸ್ಕೋ, ಗ್ರೀಸ್ ಆಗಿದೆ,” ಎಂದು ಹೇಳಿ ಹೋದಳು.

ಮೇಸ್ತ್ರಿ ಕಪಾಟಿನಿಂದ ಆ ಮಾದರಿಯ ಕಾರುಗಳ ಜಾಬ್ ಕಾರ್ಡುಗಳನ್ನು ತೆಗೆಸಿದ. ಮೇಲಿದ್ದ ಕಾರ್ಡು ರಿಟೈರಾದ ಡ್ರಾಯಿಂಗ್ ಮೇಷ್ಟ್ರೊಬ್ಬರದು. ಫೋನ್ ಹಚ್ಚಿ, ತಾನು ಯಾರೆಂದು ಹೇಳಿ, ಕಾರನ್ನು ಮತ್ತೊಮ್ಮೆ ತನ್ನಿ ಸಾರ್ ಎಂದ.

“ಕಾರು ಆವಾಗ್ಲೇ ಮಾರಿಬಿಟ್ವಲ್ಲಪ್ಪ,” ಎಂದರು ಮೇಷ್ಟ್ರು. “ಕಾರಿಂದೇನೂ ಇಲ್ಲ, ಕೈ ಪಳಗ್ಬೇಕು ಅಂದ್ರಿ. ನಲವತ್ತು ವರ್ಷ ಓಡ್ಸಿರೋ ಕೈ ಇನ್ನೇನು ಪಳಗುತ್ತೆ, ವಯಸ್ಸಾಯ್ತು ಅಂತ ಮಗಳು ಕೀ ಇಸ್ಕೊಂಡ್ಳು. ಆಮೇಲೆ ಒಬ್ಬನೇ ರಸ್ತೆ ದಾಟಕ್ಕೆ ಬಿಡ್ಲಿಲ್ಲ. ಗ್ಯಾಸ್ ಹಚ್ಚಕ್ಕೂ ಬಿಡಲ್ಲ ಈಗ. ನಾನೂ ಹೌದೇನೋ ಅಂದ್ಕೊಂಡೆ.”

ಮೇಸ್ತ್ರಿ ಕೈಯಲ್ಲಿದ್ದ ಕಾರ್ಡನ್ನು ಕೆಳಗಿಟ್ಟ.

“ಸಾರ್, ಆ ಕಾರಿನ ಗೇರ್‌ಬಾಕ್ಸ್ ಸರಿ ಇರ್ಲಿಲ್ಲ. ನನಗೆ ಗೊತ್ತಾಗ್ಲಿಲ್ಲ. ತಪ್ಪು ನಂದು.”

“ಹಾಗಾದ್ರೆ ನಂದಲ್ಲ?”

“ಅಲ್ಲ ಸಾರ್.”

ಮೇಷ್ಟ್ರು ಉಸಿರು ಬಿಟ್ಟದ್ದು ಕೇಳಿಸಿತು. “ಇದನ್ನ ನನ್ನ ಮಗಳಿಗೂ ಒಂದ್ಸಲ ಹೇಳ್ತೀರಾ? ಇಲ್ಲೇ ಇದಾಳೆ.”

ಮೇಸ್ತ್ರಿ ಕುರ್ಚಿಯಿಂದ ಎದ್ದು ನಿಂತು ಇನ್ನೊಮ್ಮೆ ಮೊದಲಿಂದ ಹೇಳಿದ. ಮಗಳು ಕೇಳಿಸಿಕೊಂಡಳು. ಫೋನ್ ಇಡುವ ಮುಂಚೆ ಅವಳ ಹಿಂದೆ, ಸ್ವಲ್ಪ ದೂರದಲ್ಲಿ, ಮೇಷ್ಟ್ರ ದನಿ ಕೇಳಿಸಿತು: “ನೀನು ಕೂತಿರಮ್ಮ. ಟೀ ನಾನಿಡ್ತೀನಿ.”