ತೂಕದ ಯಂತ್ರದ ಎರಡನೇ ವರದಿ

ಮೇಷ್ಟ್ರು ಪಾಠ ಹೇಳುವವನಲ್ಲ, ತೂಕದ ಯಂತ್ರಗಳಿಗೆ ಡ್ರೈವರ್ ಬರೆಯುವ ಎಂಜಿನಿಯರ್. ಡ್ರೈವರ್ ಅಂದರೆ ಯಂತ್ರದ ಬಿಡಿಭಾಗಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಪುಟ್ಟ ಪ್ರೋಗ್ರಾಮ್. ಎದುರಿಗೆ ಸಿಕ್ಕವರನ್ನು ಅರ್ಧ ಗಂಟೆ ಕೊರೆಯದೆ ಬಿಡುತ್ತಿರಲಿಲ್ಲವಾದ್ದರಿಂದ ಆಫೀಸಿನವರು ಅವನಿಗೆ ಆ ಹೆಸರಿಟ್ಟಿದ್ದರು. ಅವನಿಗೂ ಅದು ಒಳಗೊಳಗೇ ಇಷ್ಟವಾಗಿತ್ತು ಅನ್ನಿ.

ಮೂರು ವಾರದ ಹಿಂದೆ ಆಸ್ಪತ್ರೆಯಿಂದ ಕರೆ ಬಂದಿತ್ತು. ಆಗತಾನೇ ಹುಟ್ಟಿದ ಕೂಸೊಂದರ ತೂಕವನ್ನು ಯಂತ್ರ ನಾನೂರು ಗ್ರಾಂ ಹೆಚ್ಚು ತೋರಿಸಿ, ಅದರ ಮೇಲೆ ಔಷಧಿಯ ಲೆಕ್ಕವಾಗಿ, ಸೂಜಿ ಚುಚ್ಚುವ ಹೊತ್ತಿಗೆ ಡಾಕ್ಟರ್ ಕಣ್ಣಿಗೆ ಬಿದ್ದದ್ದರಿಂದ ಮಗು ಉಳಿಯಿತು. ತೂಕ ಮಾಡಿದವರು ಆ ವಾರ್ಡಿನ ಹಿರಿಯ ನರ್ಸ್. ಎಲ್ಲರ ಬಾಯಲ್ಲೂ ಅವರು ದೊಡ್ಡಕ್ಕ.

"ಸ್ವಿಚ್ ಹಾಕಿದ ತಕ್ಷಣ ಮಲಗಿಸಿದ್ರೆ ಒಂದೊಂದ್ಸಲ ತಪ್ಪು ತೋರಿಸುತ್ತೆ ಸರ್," ಎಂದು ವಿಚಾರಿಸಲು ಹೋದ ಮೇಷ್ಟ್ರಿಗೆ ಹೇಳಿದ್ದರು ದೊಡ್ಡಕ್ಕ. "ಅದಕ್ಕೇ ನಾವು ಸ್ವಿಚ್ ಹಾಕಿ, ಬಟ್ಟೆ ಮಡಚಿಟ್ಟು, ಆಮೇಲೆ ಮಲಗಿಸೋದು. ಅವತ್ತು ಮಗು ನೀಲಿಗಟ್ಟಿತ್ತು, ಬಟ್ಟೆ ಮಡಚ್ಕೊಂಡು ಕೂರೋಕಾಗಲಿಲ್ಲ."

ಮೇಷ್ಟ್ರು ಆಸ್ಪತ್ರೆಯ ಸೂಪರಿಂಟೆಂಡೆಂಟರ ಕಡೆ ತಿರುಗಿ ನಕ್ಕುಬಿಟ್ಟ. "ಬಟ್ಟೆ ಮಡಚಿದ್ರೆ ಯಂತ್ರ ಸರಿಹೋಗೋದಾದ್ರೆ, ಬೆಡ್‌ಶೀಟ್ ಮಡಚಿ ಕೆಟ್ಟಿರೋ ಲಿಫ್ಟನ್ನೂ ಓಡಿಸ್ಬಹುದಲ್ಲ." ಕೋಣೆಯಲ್ಲಿದ್ದ ಏಳೆಂಟು ಜನ ನಕ್ಕರು. ದೊಡ್ಡಕ್ಕ ತಲೆ ತಗ್ಗಿಸಿದರು.

ಆಮೇಲೆ ಯಂತ್ರವನ್ನು ಲ್ಯಾಬಿಗೆ ತಂದು, ಒಳಗೆ ನಡೆಯುವುದೆಲ್ಲ ಪರದೆಯ ಮೇಲೆ ಸಾಲುಸಾಲಾಗಿ ಮೂಡುವಂತೆ ಮಾಡಿ, ಇನ್ನೂರು ಸಲ ಆರಿಸಿ ಹಚ್ಚಿದ. ಒಂದು ಸಲವೂ ತಪ್ಪಲಿಲ್ಲ. "ಯಂತ್ರ ನಿರ್ದೋಷಿ" ಎಂದು ವರದಿ ಬರೆದ. ಓದುವುದರಲ್ಲಿ ತಪ್ಪಿದವರು ಇಂಥವರು ಎಂದು ದೊಡ್ಡಕ್ಕನ ಪೂರ್ತಿ ಹೆಸರನ್ನು ಮೂರು ಕಡೆ ಹಾಕಿದ. ಆಸ್ಪತ್ರೆಯವರು ಅವರನ್ನು ಕಡತದ ಕೋಣೆಗೆ ಹಾಕಿದರು. ಮತ್ತೆ ಕೂಸುಗಳ ವಾರ್ಡಿಗೆ ಬಿಡಬೇಕೋ ಬೇಡವೋ ಎಂಬ ತೀರ್ಮಾನ ಶುಕ್ರವಾರ ಮೂರು ಗಂಟೆಯ ಸಭೆಯಲ್ಲಿ.

ಗುರುವಾರ ಬೆಳಿಗ್ಗೆ ಆ ಯಂತ್ರವನ್ನು ಬೇರೆ ಆಸ್ಪತ್ರೆಗೆ ಕಳಿಸಲೆಂದು ಮೇಷ್ಟ್ರು ಪರದೆಯ ಆ ಸಾಲುಗಳನ್ನು ತೆಗೆದುಹಾಕಿದ. ಎರಡು ಕಿಲೋ ಕಬ್ಬಿಣದ ತೂಕದ ಬಟ್ಟನ್ನು ಇಟ್ಟು, ತೆಗೆದು, ಆರಿಸಿ, ಹಚ್ಚಿ ನೋಡುತ್ತಿದ್ದಾಗ ಹದಿನೇಳನೇ ಸಲಕ್ಕೆ ಎರಡು ಕಿಲೋ ನಾನೂರು ಗ್ರಾಂ ಎಂದು ಬಂತು. ಅವನು ತನ್ನ ಡ್ರೈವರನ್ನು ಮೊದಲ ಸಾಲಿನಿಂದ ಓದತೊಡಗಿದ.

ಸ್ವಿಚ್ ಹಾಕಿದೊಡನೆ ಯಂತ್ರದಲ್ಲಿ ಎರಡು ಕೆಲಸ ಒಟ್ಟಿಗೆ ಹೊರಡುತ್ತವೆ. ಒಂದು ತಟ್ಟೆಯ ಮೇಲಿನ ಭಾರ ಓದುತ್ತದೆ. ಇನ್ನೊಂದು, ಖಾಲಿ ತಟ್ಟೆಯದೇ ಭಾರ ನಾನೂರು ಗ್ರಾಂ, ಅದನ್ನು ಕಳೆಯಿರಿ ಎಂಬ ಲೆಕ್ಕವನ್ನು ಮೆಮೊರಿಯಿಂದ ತರುತ್ತದೆ. ಲೆಕ್ಕ ಬಂದ ಮೇಲೆ "ಸಿದ್ಧ" ಎನ್ನಬೇಕಾದ ಅವನ ಡ್ರೈವರ್ ಅದಕ್ಕೆ ಕಾಯದೆ "ಸಿದ್ಧ" ಎನ್ನುತ್ತಿತ್ತು. ಮೆಮೊರಿ ತಡಮಾಡಿದ ದಿನ ತಟ್ಟೆಯ ಭಾರವೂ ಕೂಸಿನ ಲೆಕ್ಕಕ್ಕೇ. ಲ್ಯಾಬಿನಲ್ಲಿ ಅವನು ಹಾಕಿದ ಸಾಲುಗಳು ಮೂಡುವುದಕ್ಕೆ ಹಿಡಿದ ಹೊತ್ತಿನಲ್ಲಿ ಲೆಕ್ಕ ಬಂದು ಸೇರುತ್ತಿತ್ತು. ಬಟ್ಟೆ ಮಡಚುವ ಹೊತ್ತಿನಲ್ಲೂ ಅಷ್ಟೇ. ತಪ್ಪು ಹುಡುಕಲು ಹೋಗಿ ತಾನೇ ಅದನ್ನು ಮುಚ್ಚಿಟ್ಟಿದ್ದ.

ರಿಪೇರಿಗೆ ಮೂರೇ ಸಾಲು ಸಾಕಾಯಿತು. "ಸಿದ್ಧ"ವನ್ನು ಕೆಳಕ್ಕೆ ಇಳಿಸಿ, ಲೆಕ್ಕ ಬರುವವರೆಗೆ ಕಾಯಿಸಿದ. ಸಾವಿರ ಸಲ ಹಚ್ಚಿದರೂ ತಪ್ಪಲಿಲ್ಲ.

ಅಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅನ್ನ ಕಲಸುತ್ತಲೇ ಇದ್ದ. "ಸರಿಹೋಯ್ತು ಅಂತೀರಿ, ಮತ್ಯಾಕ್ರೀ ಮುಖ ಹೀಗಿದೆ?" ಎಂದಳು ಹೆಂಡತಿ.

"ಅವರು ಸರಿಯಾಗೇ ಹೇಳಿದ್ರು ಕಣೇ. ನಾನು ನಕ್ಕೆ."



ಶುಕ್ರವಾರ ಎರಡು ಗಂಟೆಗೇ ಮೇಷ್ಟ್ರು ಹೊಸ ವರದಿ ಹಿಡಿದು ಕಡತದ ಕೋಣೆಗೆ ಹೋದ. ಕಪಾಟುಗಳ ನಡುವೆ ದೊಡ್ಡಕ್ಕ ಹಳೆಯ ಕೇಸ್ ಶೀಟುಗಳ ಧೂಳು ಒರೆಸುತ್ತಿದ್ದರು. ಅವರು ಕನ್ನಡಕ ಏರಿಸಿ ಓದಿದರು: "ಯಂತ್ರದ ಸಾಫ್ಟ್‌ವೇರಿನಲ್ಲಿ ಸಣ್ಣ ದೋಷ ಕಂಡುಬಂದಿದ್ದು, ಸರಿಪಡಿಸಲಾಗಿದೆ. ಸಿಬ್ಬಂದಿಯ ತಪ್ಪಿರುವುದಿಲ್ಲ."

"ಮೊದಲ್ನೇದರಲ್ಲಿ ನನ್ನ ಹೆಸರು ಮೂರು ಕಡೆ ಇತ್ತು," ಎಂದರು. "ಇದರಲ್ಲಿ ಯಾರ ಹೆಸರೂ ಇಲ್ವಲ್ಲ ಸರ್."

"ವರದಿ ಬರೆಯೋ ಕ್ರಮಾನೇ ಹಾಗೆ, ಸಿಸ್ಟರ್..."

"ಮೊದಲ್ನೇದನ್ನ ಬರೆದವರೂ ನೀವೇ ಅಲ್ವಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.  ದೊಡ್ಡಕ್ಕ ಕುರ್ಚಿಯ ಮೇಲಿದ್ದ ಕಡತಗಳನ್ನು ಎತ್ತಿ ಜಾಗ ಮಾಡಿಕೊಟ್ಟರು. ಅವನು ಕೂತು ವರದಿಯ ಕೆಳಗೆ ಪೆನ್ನಿನಲ್ಲಿ ಬರೆದ: ಈ ಡ್ರೈವರ್ ಬರೆದವನು ನಾನು. ಕಾರಣವನ್ನು ಸಿಸ್ಟರ್ ಅಂದೇ ಹೇಳಿದ್ದರು, ನಾನು ಕೇಳಲಿಲ್ಲ.

"ನನ್ನ ಹೆಸರು ಎಷ್ಟು ಕಡೆ ಬರೀಲಿ?" ಎಂದು ತಲೆ ಎತ್ತದೆ ಕೇಳಿದ.

"ಒಂದು ಕಡೆ ಸಾಕು," ಎಂದರು ದೊಡ್ಡಕ್ಕ. "ಆದ್ರೆ ಕೊಟ್ಟು ಹೋಗ್ಬೇಡಿ, ಸಭೇಲಿ ಓದಿ. ಅವತ್ತು ನಕ್ಕವರೆಲ್ಲ ಇವತ್ತೂ ಅಲ್ಲೇ ಇರ್ತಾರೆ."

ಮೂರು ಗಂಟೆಗೆ ಮೇಷ್ಟ್ರು ಅವರೆಲ್ಲರ ಮುಂದೆ ಎದ್ದು ನಿಂತು ಓದಿದ. ತನ್ನ ಹೆಸರಿನ ಹತ್ತಿರ ಬಂದಾಗ ಒಂದು ಸಲ ಕೆಮ್ಮಿ, ಹಿಂದಿನ ಸಾಲಿನವರಿಗೂ ಕೇಳುವಂತೆ ಅದನ್ನು ಹೇಳಿದ.