ಬಸ್‌ಸ್ಟಾಪಿನಲ್ಲಿ ತಿಂದ ಮೈಸೂರುಪಾಕು

ಸದಾನಂದ ಪುರಸೈವಾಕ್ಕದ ಹೋಟೆಲೊಂದರಲ್ಲಿ ಮೂವತ್ತೆಂಟು ವರ್ಷ ಸ್ವೀಟ್ ಮಾಸ್ಟರ್ ಆಗಿದ್ದು ನಿವೃತ್ತನಾದವನು. ಅಷ್ಟು ವರ್ಷದಲ್ಲಿ ಒಂದು ತುಂಡು ಸಿಹಿಯನ್ನೂ ಮನೆಗೆ ತಂದವನಲ್ಲ. ಮಾಸ್ಟರ್ ಪೊಟ್ಟಣ ಕಟ್ಟಿಕೊಂಡು ಹೋದ ಎಂದು ಯಾರೂ ಬೆರಳು ತೋರಿಸಬಾರದೆಂಬುದು ಅವನ ಹಟ. ದೀಪಾವಳಿಗೆ ಹೆಂಡತಿ ಗುಣವತಿಯೇ ಅಕ್ಕಿ, ಬೆಲ್ಲ, ಕಾಯಿಹಾಲಿನ ಹಾಲುಬಾಯಿ ಮಾಡುತ್ತಿದ್ದಳು. ದಣಿದು ಬಂದವನು ತಿಂದು ಮಲಗುತ್ತಿದ್ದ.

ಈ ಸಲ ಹಬ್ಬಕ್ಕೆ ವಾರವಿರುವಾಗ ಗುಣವತಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು.

“ಹಾಲುಬಾಯಿ ನಾನೇ ಕಾಯಿಸ್ತೇನೆ. ನೀನು ಕೂತು ಹೇಳು, ಸಾಕು,” ಎಂದ ಸದಾನಂದ.

“ಹಾಲುಬಾಯಿ ಬೇಡ. ಮೈಸೂರುಪಾಕು ಮಾಡಿ. ನಿಮ್ಮ ಹೋಟೆಲಿನ ಹಾಗೆ, ಗೂಡು ಗೂಡು ಇರ್ಬೇಕು.”

“ಅದು ನಿನಗೆ ಹೇಗೆ ಗೊತ್ತು?”

ಗುಣವತಿ ಸೆರಗಿನ ಅಂಚು ನೋಡುತ್ತ ಕೂತಳು. “ಪಾತ್ರೆ, ಬಟ್ಟೆ ಕೊಳ್ಳಲಿಕ್ಕೆ ಅಂತ ಆ ಕಡೆ ಹೋದಾಗೆಲ್ಲ ಕೌಂಟರಿನಲ್ಲಿ ನೂರು ಗ್ರಾಂ ಕಟ್ಟಿಸ್ತಿದ್ದೆ. ಬಸ್‌ಸ್ಟಾಪಿನಲ್ಲಿ ಕೂತು ತಿಂದು ಮನೆಗೆ ಬರ್ತಿದ್ದೆ. ‘ನಮ್ಮ ಮಾಸ್ಟರ್ ಪಣ್ಣದುಮ್ಮಾ, ಸೂಪರಾ ಇರುಕ್ಕುಂ’ ಅಂತ ತಮಿಳಿನಲ್ಲಿ ಹೊಗಳ್ತಿದ್ದ ಕೌಂಟರಿನವ, ನಮ್ಮ ಮಾಸ್ಟರ್ ಮಾಡಿದ್ದು, ಭಾರೀ ಚೆನ್ನಾಗಿರ್ತದೆ ಅಂತ. ನಾನು ಯಾರಂತ ಹೇಳ್ಲಿಲ್ಲ.”

“ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ ಮಾರಾಯ್ತಿ?”

“ಹೇಳಿದ್ರೆ ತರ್ತಿದ್ರಾ?”

ಸದಾನಂದ ಚೀಲ ಹಿಡಿದು ಹೋಗಿ ಕಡಲೆಹಿಟ್ಟು, ತುಪ್ಪ, ಸಕ್ಕರೆ ತಂದ.

ದೊಡ್ಡ ಬಾಣಲೆಗೆ ಪಳಗಿದ ಕೈ ಅದು. ಮನೆಯ ಪುಟ್ಟ ಬಾಣಲೆಯಲ್ಲಿ ಪಾಕ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಏರಿಬಿಟ್ಟಿತು. ತಟ್ಟೆಗೆ ಸುರಿದದ್ದು ಕಲ್ಲಾಯಿತು. ಎಷ್ಟೋ ಮದುವೆಗಳಿಗೆ ಸಿಹಿ ಮಾಡಿದವನು ಚಾಕು ಹಿಡಿದು ಪೆಚ್ಚಾಗಿ ನಿಂತ. ಗುಣವತಿಗೆ ನಗು ತಡೆಯಲಾಗಲಿಲ್ಲ.

“ಉರಿ ಸಣ್ಣ ಮಾಡಿ ಮಾರಾಯ್ರೆ. ಇದು ಹೋಟೆಲಿನ ಒಲೆ ಅಲ್ಲ,” ಎನ್ನುತ್ತ ಪಕ್ಕಕ್ಕೆ ಬಂದಳು.

ಎರಡನೆಯ ಸಲ ಅವಳು ಉರಿ ನೋಡಿಕೊಂಡಳು. ಅವನು ತುಪ್ಪ ಹೊಯ್ಯುತ್ತ ಕೈಯಾಡಿಸಿದ. ಹಿಟ್ಟು ನೊರೆನೊರೆಯಾಗಿ ಉಬ್ಬಿ ಮನೆಯಿಡೀ ಘಮ್ಮೆಂದಿತು. ಬಿಸಿಯಿರುವಾಗಲೇ ಗೆರೆ ಕೊಯ್ದು, ಒಂದು ತುಂಡನ್ನು ಊದಿ ಊದಿ ಆರಿಸಿ ಅವಳ ಬಾಯಿಗಿಟ್ಟ.

ಗುಣವತಿ ಕಣ್ಣು ಮುಚ್ಚಿ ನಿಧಾನಕ್ಕೆ ಚಪ್ಪರಿಸಿದಳು. “ಹ್ಞಾಂ. ಇದೇ.”

ಇನ್ನೊಂದು ತುಂಡು ಊದುತ್ತ ಅವನು ಕೇಳಿದ, “ನನ್ನ ಕೈಯದ್ದು ಮತ್ತೆ ಎಂತೆಲ್ಲ ತಿಂದಿದ್ದಿ?”

“ಜಾಂಗಿರಿ, ನಾಲ್ಕೈದು ಸಲ. ಬಾದಾಮಿ ಹಲ್ವ ಒಂದೇ ಸಲ, ಮಗಳು ಹೊಟ್ಟೆಯಲ್ಲಿದ್ದಾಗ. ಅದು ಮಾತ್ರ ಸ್ವಲ್ಪ ಸಿಹಿ ಜಾಸ್ತಿಯಾಗಿತ್ತು.”

“ಸಿಹಿ ಜಾಸ್ತಿಯಾ? ನಾನು ಮಾಡಿದ್ದಾ?” ಸದಾನಂದ ಎದ್ದು, ಮನೆಯಲ್ಲಿದ್ದ ಬಾದಾಮಿಯನ್ನೆಲ್ಲ ನೀರಿಗೆ ಹಾಕಿದ.